ಗಣನಶಾಸ್ತ್ರದ ಉಪನ್ಯಾಸಗಳಲ್ಲಿ ‘ಆಗದು’ ಎಂಬ ಮಾತು

೧

ಇತಿಹಾಸವನ್ನು ಬೋಧಿಸುವವನು ಗಣಕಶಾಸ್ತ್ರದ ಉಪನ್ಯಾಸಗಳನ್ನು ಕುರಿತು ವಿಮರ್ಶೆ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆ ಶಾಸ್ತ್ರದಲ್ಲಿ ನನಗೆ ಪಾಂಡಿತ್ಯವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಉಪನ್ಯಾಸವೆಂಬುದು ಹೇಳುವವನಿಗೆ ಎಷ್ಟು ಸೇರಿದ್ದೋ ಕೇಳುವವನಿಗೂ ಅಷ್ಟೇ ಸೇರಿದ್ದು. ಕೇಳುವವರ ಸಾಲಿನಲ್ಲಿ ಕುಳಿತು, ಕೆಲವೊಮ್ಮೆ ಅಧ್ಯಕ್ಷನ ಕುರ್ಚಿಯಲ್ಲಿಯೂ ಕುಳಿತು, ನಮ್ಮ ಭಾಗದ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ನಡೆದ ಹಲವು ಉಪನ್ಯಾಸಗಳನ್ನು ನಾನು ಕೇಳಿದ್ದೇನೆ. ಅಲ್ಲದೆ, ಯಾವ ಮಾತಿಗೆ ಯಾವ ಆಧಾರ ಉಂಟು, ಆ ಆಧಾರವು ಎಷ್ಟು ಭಾರವನ್ನು ಹೊರಬಲ್ಲದು ಎಂದು ತೂಗಿ ನೋಡುವುದು ಇತಿಹಾಸದ ವಿದ್ಯಾರ್ಥಿಯ ನಿತ್ಯದ ಕೆಲಸ. ಈ ಲೇಖನದಲ್ಲಿ ಅದಕ್ಕಿಂತ ಹೆಚ್ಚಿನದನ್ನೇನೂ ನಾನು ಮಾಡಿಲ್ಲ.

ವಿಷಯವನ್ನು ಎರಡು ಮಾತಿನಲ್ಲಿ ಹೇಳುವುದಾದರೆ ಹೀಗೆ. ನಿಯಮಗಳನ್ನು ಒಂದೊಂದಾಗಿ ಅನುಸರಿಸುತ್ತ ಹೋದರೆ ಯಾವ ಪ್ರಶ್ನೆಗೆ ಉತ್ತರ ದೊರೆಯುವುದು, ಯಾವುದಕ್ಕೆ ದೊರೆಯದು ಎಂಬುದು ಗಣನಸಾಧ್ಯತೆಯ ವಿಚಾರ. ಉತ್ತರ ದೊರೆಯುವುದಾದರೂ ಅದಕ್ಕೆ ಎಷ್ಟು ಕಾಲ, ಎಷ್ಟು ಜಾಗ ವೆಚ್ಚವಾಗುವುದು ಎಂಬುದು ಗಣನದ ಸಂಕೀರ್ಣತೆಯ ವಿಚಾರ.

ಒಂದು ಪ್ರಸಂಗವನ್ನು ಹೇಳಿ ಮುಂದುವರಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಭೆಯಲ್ಲಿ ಉಪನ್ಯಾಸ ಮುಗಿದ ಮೇಲೆ, ಬೇಮಳಖೇಡದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಆಗಂಗಿಲ್ಲ ಅಂದ್ರ ಮಷೀನ್ ಸಣ್ಣದದ ಅಂತ ಆಗಂಗಿಲ್ಲೋ, ಲೆಕ್ಕಾನೇ ಹಂತಾದ್ದದ ಅಂತ ಆಗಂಗಿಲ್ಲೋ?” ಎಂದು ಕೇಳಿದಳು. ಉಪನ್ಯಾಸಕರು ನಕ್ಕು, ಮುಂದೆ ಇನ್ನೂ ವೇಗದ ಯಂತ್ರಗಳು ಬರುತ್ತವೆ, ಆಗ ಎಲ್ಲವೂ ಆಗುತ್ತದೆ ಎಂದು ಉತ್ತರವಿತ್ತರು. ಅಧ್ಯಕ್ಷಸ್ಥಾನದಲ್ಲಿದ್ದ ನಾನು ಅದೇ ಮಾತನ್ನು ಅಲಂಕರಿಸಿ, ಮಾನವನ ಬುದ್ಧಿಗೆ ಅಸಾಧ್ಯವೆಂಬುದಿಲ್ಲವೆಂದು ಹೇಳಿ ಚಪ್ಪಾಳೆ ಪಡೆದೆನು. ಅಸಾಧ್ಯವೆಂಬುದು ಉಂಟು ಎಂಬುದೇ ಆ ಒಂದು ಗಂಟೆಯ ಉಪನ್ಯಾಸದ ವಿಷಯವಾಗಿತ್ತೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆ ಹುಡುಗಿಯ ಪ್ರಶ್ನೆಯು ಈ ಶಾಸ್ತ್ರದ ಹೊಸ್ತಿಲಾಗಿತ್ತು. ನಾವಿಬ್ಬರೂ ಸೇರಿ ಆ ಬಾಗಿಲನ್ನು ಮುಚ್ಚಿದೆವು. ಈ ವಿಮರ್ಶೆಗೆ ಅದೇ ಕಾರಣ.

೨

ಈ ಉಪನ್ಯಾಸಗಳ ಮೊದಲನೆಯ ದೋಷವು ಪೀಠಿಕೆಯಲ್ಲಿ ಕಾಣುತ್ತದೆ. ಒಂದು ಗಂಟೆಯ ಕಾಲದಲ್ಲಿ ಇಪ್ಪತ್ತು ನಿಮಿಷಗಳು ಪ್ರಾಚೀನ ವೈಭವಕ್ಕೆ ಹೋಗುತ್ತವೆ. ಪಿಂಗಲನ ಛಂದಶ್ಶಾಸ್ತ್ರದಲ್ಲಿ ಲಘುಗುರುಗಳ ಪ್ರಸ್ತಾರವಿದೆ, ಆದುದರಿಂದ ಗಣಕಯಂತ್ರದ ತತ್ತ್ವವು ನಮ್ಮಲ್ಲಿಯೇ ಹುಟ್ಟಿತು ಎಂಬುದು ಸಾಮಾನ್ಯವಾದ ವಾದ. ಪ್ರಸ್ತಾರವಿರುವುದು ನಿಜ, ‘ಆದುದರಿಂದ’ ಎಂಬುದು ನಿಜವಲ್ಲ. ಎರಡು ಚಿಹ್ನೆಗಳನ್ನು ಬಳಸಿ ವೃತ್ತಗಳನ್ನು ಎಣಿಸುವುದು ಬೇರೆ, ಎಣಿಕೆಯ ನಿಯಮಗಳಿಗೆ ಯಾವ ಮಿತಿ ಉಂಟೆಂದು ವಿಚಾರಿಸುವುದು ಬೇರೆ. ಎರಡನೆಯ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದ್ದು ಇಪ್ಪತ್ತನೆಯ ಶತಮಾನ.

ಹಾಗೆಂದು ನಮ್ಮ ನೆಲದ ಗಣಿತವನ್ನು ಇಂತಹ ಉಪನ್ಯಾಸದಿಂದ ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಸರಿಯಾದ ಸ್ಥಳದಲ್ಲಿ ಇಟ್ಟರೆ ಅದು ಅಲಂಕಾರವಾಗದೆ ಉಪಕರಣವಾಗುತ್ತದೆ. ಕ್ರಿ. ಶ. ೮೫೦ರ ಸುಮಾರಿಗೆ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ನೋಡಬಹುದು. ಗ್ರಂಥಾರಂಭದಲ್ಲಿ ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾನೆ. ಆ ದೊರೆಯ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಮಳಖೇಡ. ಬೇಮಳಖೇಡದ ಕಡೆಯವರಿಗೆ ಅದು ದೂರದ ಊರಲ್ಲ. ಆದರೆ ಈ ಸ್ತುತಿಯಿಂದ ಮಹಾವೀರನು ಮಳಖೇಡದಲ್ಲಿಯೇ ಕುಳಿತು ಗ್ರಂಥ ಬರೆದನೆಂದು ಸಿದ್ಧವಾಗುವುದಿಲ್ಲ. ನಮ್ಮ ವೇದಿಕೆಗಳಲ್ಲಿ ಇದನ್ನು ನಿಸ್ಸಂದೇಹವಾಗಿ ಹೇಳುವುದನ್ನು ಕೇಳಿದ್ದೇನೆ. ಮಿತಿಗಳ ಶಾಸ್ತ್ರವನ್ನು ಹೇಳಬಂದವರು ತಮ್ಮ ಆಧಾರದ ಮಿತಿಯನ್ನು ಪೀಠಿಕೆಯಲ್ಲಿಯೇ ಮರೆಯುವುದು ಶುಭಲಕ್ಷಣವಲ್ಲ.

ಮಹಾವೀರನ ಗ್ರಂಥದಲ್ಲಿ ಈ ಉಪನ್ಯಾಸಕ್ಕೆ ಬೇಕಾದದ್ದು ಬೇರೊಂದು ಉಂಟು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ವಿಧವಾಗಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನು ಕೊಟ್ಟು, ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳ ಉದಾಹರಣೆಯನ್ನು ಹೇಳುತ್ತಾನೆ. ಒಂದೊಂದಾಗಿ ೬, ಎರಡೆರಡಾಗಿ ೧೫, ಮೂರುಮೂರಾಗಿ ೨೦, ನಾಲ್ಕಾಗಿ ೧೫, ಐದಾಗಿ ೬, ಆರೂ ಸೇರಿ ೧, ಒಟ್ಟು ೬೩. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಮಿಶ್ರಣಗಳನ್ನು ಒಂದೊಂದಾಗಿ ಪಟ್ಟಿ ಮಾಡದೆಯೇ ಅವುಗಳ ಸಂಖ್ಯೆಯನ್ನು ನಿಯಮವು ತಿಳಿಸುತ್ತದೆ. ‘ಎಷ್ಟು’ ಎಂಬ ಪ್ರಶ್ನೆ ಸುಲಭ. ‘ಯಾವುದು’ ಎಂಬ ಪ್ರಶ್ನೆ ಹಾಗಲ್ಲ. ಈ ಭೇದವನ್ನು ಮುಂದೆ ಬಳಸಿಕೊಳ್ಳಲಿದ್ದೇನೆ.

೩

ಎರಡನೆಯ ದೋಷವು ಶಬ್ದಗಳದು. ಕೆಲವರು ಗಣನಸಾಧ್ಯತೆಯನ್ನು ‘ಗಣನೀಯತೆ’ ಎನ್ನುತ್ತಾರೆ. ವ್ಯುತ್ಪತ್ತಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ‘ಗಣನೀಯ’ ಎಂದರೆ ಕನ್ನಡ ಓದುಗನಿಗೆ ‘ಸಾಕಷ್ಟು ದೊಡ್ಡ’ ಎಂದೇ ಅರ್ಥ. ಟ್ಯೂರಿಂಗನು ಗಣನೀಯ ಸಂಖ್ಯೆಗಳ ಮೇಲೆ ಪ್ರಬಂಧ ಬರೆದನೆಂದಾಗ, ಅವನು ದೊಡ್ಡ ಸಂಖ್ಯೆಯ ಪ್ರಬಂಧಗಳನ್ನು ಬರೆದನೆಂದು ಸಭಿಕರು ತಿಳಿದರೆ ಅದು ಸಭಿಕರ ತಪ್ಪಲ್ಲ. ‘ಸಂಕೀರ್ಣತೆ’ ಎಂಬುದೂ ಹಾಗೆಯೇ. ಅದನ್ನು ಕೇಳಿದವನು ತೊಡಕು, ಗೋಜಲು ಎಂದು ತಿಳಿಯುತ್ತಾನೆ. ಶಾಸ್ತ್ರದಲ್ಲಿ ಅದರ ಅರ್ಥ ವೆಚ್ಚ. ಅತ್ಯಂತ ಸರಳವಾಗಿ ಹೇಳಬಹುದಾದ ಪ್ರಶ್ನೆಗೂ ಭಾರಿ ವೆಚ್ಚವಾಗಬಹುದು. ಶಬ್ದವನ್ನು ಬದಲಾಯಿಸದಿದ್ದರೂ ಚಿಂತೆಯಿಲ್ಲ. ಅದರ ಅರ್ಥವನ್ನು ಮೊದಲ ಐದು ನಿಮಿಷಗಳಲ್ಲಿ ಗೊತ್ತುಮಾಡಬೇಕು.

ಇದಕ್ಕೆ ವಿರುದ್ಧವಾಗಿ, ಕನ್ನಡದಲ್ಲಿ ಸಿದ್ಧವಾಗಿಯೇ ಇರುವ ಒಂದು ಒಳ್ಳೆಯ ಶಬ್ದವನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಅದು ‘ಗಣಕ’. ನಮ್ಮ ಹಳೆಯ ಬಳಕೆಯಲ್ಲಿ ಗಣಕನೆಂದರೆ ಯಂತ್ರವಲ್ಲ, ಲೆಕ್ಕ ಹಾಕುವ ಮನುಷ್ಯ. ೧೯೩೬ರ ತನ್ನ ಪ್ರಬಂಧದಲ್ಲಿ ಟ್ಯೂರಿಂಗನು ‘ಕಂಪ್ಯೂಟರ್’ ಎಂದದ್ದೂ ಮನುಷ್ಯನನ್ನೇ. ಚೌಕುಳಿ ಹಾಕಿದ ಕಾಗದವನ್ನು ಮುಂದಿಟ್ಟುಕೊಂಡು, ಒಂದು ಸಲಕ್ಕೆ ಕೆಲವೇ ಚಿಹ್ನೆಗಳನ್ನು ನೋಡುತ್ತ, ಗೊತ್ತಾದ ನಿಯಮದಂತೆ ಒಂದನ್ನು ಅಳಿಸಿ ಮತ್ತೊಂದನ್ನು ಬರೆಯುವ ಮನುಷ್ಯ. ಅವನು ಮಾಡುವುದನ್ನೆಲ್ಲ ಎಷ್ಟು ಸಣ್ಣ ಹೆಜ್ಜೆಗಳಾಗಿ ಒಡೆಯಬಹುದು ಎಂಬ ವಿವೇಚನೆಯಿಂದಲೇ ಟ್ಯೂರಿಂಗನ ಯಂತ್ರವು ಹುಟ್ಟಿತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಮ್ಮ ಹಳ್ಳಿಗಳ ಲೆಕ್ಕ ಬರೆಯುತ್ತಿದ್ದ ಪಟವಾರಿಯನ್ನು ನೆನೆದರೆ ಈ ಚಿತ್ರವು ತಾನಾಗಿ ಕಣ್ಣಿಗೆ ಬರುತ್ತದೆ. ಅವನಿಗೆ ಮುಗಿಯದಷ್ಟು ಕಾಗದವನ್ನೂ ಆಯಾಸವಿಲ್ಲದ ಆಯುಷ್ಯವನ್ನೂ ಕೊಟ್ಟರೆ, ಅವನು ನಿಯಮದಿಂದ ಮಾಡಲಾಗದ ಲೆಕ್ಕ ಯಾವುದಾದರೂ ಉಂಟೇ? ಟ್ಯೂರಿಂಗನು ಎತ್ತಿದ್ದು ಈ ಪ್ರಶ್ನೆಯನ್ನು. ಹೊಳೆಯುವ ಯಂತ್ರಗಳ ಚಿತ್ರಗಳಿಂದ ಆರಂಭಿಸುವ ಉಪನ್ಯಾಸಕನು, ಪ್ರಶ್ನೆಯು ಯಂತ್ರದ ವೇಗಕ್ಕೆ ಸಂಬಂಧಿಸಿದ್ದೆಂಬ ಭ್ರಮೆಯನ್ನು ತಾನೇ ಬಿತ್ತುತ್ತಾನೆ.

ಇತಿಹಾಸದ ದೃಷ್ಟಿಯಿಂದ ಇನ್ನೊಂದು ಸಣ್ಣ ತಿದ್ದುಪಡಿ ಆವಶ್ಯಕ. ಟ್ಯೂರಿಂಗನು ೧೯೩೬ರಲ್ಲಿ ‘ನಿಲುಗಡೆಯ ಸಮಸ್ಯೆ’ಯನ್ನು ಬಿಡಿಸಿದನೆಂದು ಎಲ್ಲರೂ ಹೇಳುತ್ತಾರೆ. ಆ ಹೆಸರು ಬಳಕೆಗೆ ಬಂದದ್ದು ೧೯೫೦ರ ದಶಕದಲ್ಲಿ. ೧೯೩೬ರ ಪ್ರಬಂಧವು ನಿಲ್ಲದೆ ಅಂಕಿಗಳನ್ನು ಬರೆಯುತ್ತಲೇ ಇರುವ ಯಂತ್ರಗಳನ್ನು ಮುಖ್ಯವಾಗಿ ವಿಚಾರಿಸಿ, ತರ್ಕಶಾಸ್ತ್ರದ ಯಾವ ಹೇಳಿಕೆ ಸಿದ್ಧವಾಗಬಲ್ಲದೆಂದು ತೀರ್ಮಾನಿಸುವ ಸಾರ್ವತ್ರಿಕ ವಿಧಾನವಿಲ್ಲವೆಂದು ತೋರಿಸಿತು. ಅಮೆರಿಕದಲ್ಲಿ ಅಲೊಂಜೊ ಚರ್ಚ್ ಅದೇ ವರ್ಷ ಬೇರೆ ದಾರಿಯಿಂದ ಅದೇ ನಿರ್ಣಯಕ್ಕೆ ಬಂದಿದ್ದನು.

೪

ಇನ್ನು ಮುಖ್ಯವಾದ ದೋಷಕ್ಕೆ ಬರುತ್ತೇನೆ. ಈ ಶಾಸ್ತ್ರದಲ್ಲಿ ಮೂರು ಬಗೆಯ ನಿಷೇಧಗಳು ಬರುತ್ತವೆ. ಕನ್ನಡವು ಅವಕ್ಕೆ ಮೂರು ಬೇರೆ ಬೇರೆ ರೂಪಗಳನ್ನು ಇಟ್ಟುಕೊಂಡಿದೆ: ಆಗದು, ಆಗಲಿಕ್ಕಿಲ್ಲ, ಆಗಿಲ್ಲ. ಮೊದಲನೆಯದು ಸಿದ್ಧಾಂತ, ಎರಡನೆಯದು ನಂಬಿಕೆ, ಮೂರನೆಯದು ವರದಿ. ನಮ್ಮ ಮನೆಗಳಲ್ಲಿ ಇವನ್ನು ಯಾರೂ ಒಂದಕ್ಕೊಂದು ಬೆರೆಸುವುದಿಲ್ಲ. ‘ಮಳೆ ಬರಲಿಕ್ಕಿಲ್ಲ’ ಎಂದವನನ್ನು ‘ಮಳೆ ಬರದು ಎಂದೆಯಲ್ಲ’ ಎಂದು ಯಾರೂ ಹಿಡಿಯುವುದಿಲ್ಲ. ಆದರೆ ವೇದಿಕೆಯನ್ನು ಏರಿದೊಡನೆ ಮೂರೂ ‘ಸಾಧ್ಯವಿಲ್ಲ’ ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತವೆ. ಕೇಳುವವನಿಗೆ ಯಾವುದು ಗೋಡೆ, ಯಾವುದು ಮುಚ್ಚಿದ ಬಾಗಿಲು, ಯಾವುದು ಇನ್ನೂ ನಡೆಯದ ದಾರಿ ಎಂಬುದು ತಿಳಿಯುವುದಿಲ್ಲ.

‘ಆಗದು’ ಎಂಬುದಕ್ಕೆ ಪ್ರಮಾಣವನ್ನು ಕಣ್ಣೆದುರಿಗೆ ತೋರಿಸಬೇಕು. ಹೆಸರನ್ನು ಹೇಳಿ ದಾಟಬಾರದು. ಅದು ಸಾಮಾನ್ಯ ಸಭಿಕರಿಗೆ ಕಠಿಣವೆಂಬ ನೆವವನ್ನು ನಾನು ಒಪ್ಪುವುದಿಲ್ಲ. ಪ್ರಮಾಣವು ಇಷ್ಟೇ. ಯಾವುದೇ ನಿಯಮಾವಳಿಯನ್ನೂ ಅದಕ್ಕೆ ಕೊಡುವ ದತ್ತವನ್ನೂ ನೋಡಿ, ಆ ಕೆಲಸ ಎಂದಾದರೂ ಮುಗಿಯುವುದೋ ಇಲ್ಲವೋ ಎಂದು ತಪ್ಪದೆ ಹೇಳುವ ಒಂದು ‘ಪರೀಕ್ಷಕ’ ನಿಯಮಾವಳಿ ಇದೆಯೆಂದು ಭಾವಿಸೋಣ. ಅದನ್ನು ಬಳಸಿಕೊಂಡು ‘ವಿರೋಧಿ’ ಎಂಬ ಇನ್ನೊಂದನ್ನು ಬರೆಯೋಣ. ವಿರೋಧಿಯು ತನ್ನ ಕೈಗೆ ಬಂದ ನಿಯಮಾವಳಿಯನ್ನು ಪರೀಕ್ಷಕನಿಗೆ ಕೊಟ್ಟು, ‘ಇದಕ್ಕೆ ಇದರ ಬರಹವನ್ನೇ ದತ್ತವಾಗಿ ಕೊಟ್ಟರೆ ಮುಗಿಯುವುದೇ?’ ಎಂದು ಕೇಳುತ್ತದೆ. ಮುಗಿಯುವುದೆಂದು ಉತ್ತರ ಬಂದರೆ ತಾನು ಮುಗಿಯದೆ ಸುತ್ತುತ್ತಿರುತ್ತದೆ. ಮುಗಿಯದೆಂದು ಬಂದರೆ ಅಲ್ಲಿಯೇ ನಿಲ್ಲುತ್ತದೆ. ಈಗ ವಿರೋಧಿಗೆ ಅದರ ಬರಹವನ್ನೇ ಕೊಡೋಣ. ಪರೀಕ್ಷಕನು ಮುಗಿಯುವುದೆಂದರೆ ಅದು ಮುಗಿಯದು, ಮುಗಿಯದೆಂದರೆ ಮುಗಿಯುವುದು. ಎರಡು ಪಕ್ಷದಲ್ಲಿಯೂ ಪರೀಕ್ಷಕನು ಸುಳ್ಳಾಡಿದಂತಾಯಿತು. ಆದುದರಿಂದ ಅಂತಹ ಪರೀಕ್ಷಕನು ಇಲ್ಲ. ಇಲ್ಲಿ ಯಂತ್ರದ ವೇಗವಾಗಲಿ ಗಾತ್ರವಾಗಲಿ ಎಲ್ಲಿಯೂ ಬರಲಿಲ್ಲ. ಈಗಿನ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೂ, ನಾಳೆ ಬರಬಹುದಾದ ಕ್ವಾಂಟಂ ಯಂತ್ರಗಳಿಗೂ ಈ ನಿರ್ಣಯವು ಸಮಾನವಾಗಿ ಅನ್ವಯಿಸುತ್ತದೆ. ಕರಿಹಲಗೆಯ ಮೇಲೆ ಇದಕ್ಕೆ ಹತ್ತು ನಿಮಿಷ ಸಾಕು.

‘ಆಗಲಿಕ್ಕಿಲ್ಲ’ ಎಂಬುದು ಸಂಕೀರ್ಣತೆಯ ಕ್ಷೇತ್ರ. ಪಟವಾರಿಯ ಬಳಿ ೬೦ ಚೀಟಿಗಳಿವೆ. ಪ್ರತಿಯೊಂದರಲ್ಲಿಯೂ ಒಂದು ಮೊತ್ತವಿದೆ. ಕೆಲವು ಚೀಟಿಗಳ ಕೂಡಿಕೆಯು ದಫ್ತರದಲ್ಲಿ ಬರೆದಿರುವ ಒಂದು ಮೊತ್ತಕ್ಕೆ ಸರಿಯಾಗಬೇಕು. ಯಾವ ಚೀಟಿಗಳು? ಯಾರಾದರೂ ಆರಿಸಿ ಕೊಟ್ಟರೆ ಕೂಡಿ ನೋಡುವುದು ಕ್ಷಣದ ಕೆಲಸ. ನಾವೇ ಹುಡುಕಬೇಕಾದರೆ, ಮಹಾವೀರನ ನಿಯಮದಂತೆ ಆಯ್ಕೆಗಳ ಸಂಖ್ಯೆಯು ಸುಮಾರು ೧೧.೫ ಲಕ್ಷ ಕೋಟಿಗಳ ಒಂದು ಲಕ್ಷ ಪಟ್ಟು. ಸೆಕೆಂಡಿಗೆ ನೂರು ಕೋಟಿ ಆಯ್ಕೆಗಳನ್ನು ನೋಡುವ ಯಂತ್ರಕ್ಕೂ ೩೬ ವರ್ಷಗಳು ಹಿಡಿಯುತ್ತವೆ.

ಬಹುತೇಕ ಉಪನ್ಯಾಸಗಳು ಇಷ್ಟನ್ನು ಹೇಳಿ, ‘ಆದುದರಿಂದ ಇದು ಅಸಾಧ್ಯ’ ಎಂದು ಮುಗಿಸುತ್ತವೆ. ಇದು ತಪ್ಪು ಅನುಮಾನ. ಒಂದು ದಡ್ಡ ವಿಧಾನವು ನಿಧಾನವೆಂದ ಮಾತ್ರಕ್ಕೆ ಪ್ರಶ್ನೆಯೇ ಕಠಿಣವೆಂದು ಸಿದ್ಧವಾಗುವುದಿಲ್ಲ. ಚೀಟಿಗಳನ್ನು ಮೂವತ್ತು ಮೂವತ್ತರ ಎರಡು ಕಟ್ಟುಗಳಾಗಿ ಮಾಡಿ, ಒಂದೊಂದು ಕಟ್ಟಿನ ಎಲ್ಲ ಕೂಡಿಕೆಗಳನ್ನೂ ಬರೆದು, ಕ್ರಮವಾಗಿ ಜೋಡಿಸಿ, ಒಂದನ್ನು ಇನ್ನೊಂದರೊಡನೆ ಹೊಂದಿಸಿ ನೋಡಬಹುದು. ಒಂದು ಕಟ್ಟಿನಲ್ಲಿ ಕೂಡಿಕೆಗಳು ೧೦೭ ಕೋಟಿಯಷ್ಟೇ. ಅದೇ ಯಂತ್ರಕ್ಕೆ ಒಂದು ಗಂಟೆಯೂ ಬೇಕಾಗಲಿಕ್ಕಿಲ್ಲ. ಮೂವತ್ತಾರು ವರ್ಷಗಳು ಒಂದು ಗಂಟೆಯೊಳಗೆ ಇಳಿದವು. ಆದರೆ ಚೀಟಿಗಳು ೧೨೦ ಆದರೆ ಈ ಜಾಣತನವೂ ನಮ್ಮನ್ನು ಮತ್ತೆ ಆ ದಶಕಗಳ ಲೆಕ್ಕಕ್ಕೇ ತಂದು ನಿಲ್ಲಿಸುತ್ತದೆ. ಚೀಟಿಗಳ ಮೊತ್ತಗಳು ಚಿಕ್ಕವಾಗಿದ್ದರೆ ಇನ್ನೂ ಸುಲಭವಾದ ವಿಧಾನಗಳುಂಟು. ಮೊತ್ತಗಳು ಎಷ್ಟು ದೊಡ್ಡವಾದರೂ, ಚೀಟಿಗಳು ಎಷ್ಟಾದರೂ, ದತ್ತದ ಉದ್ದದ ಒಂದು ಬಹುಪದೋಕ್ತಿಯ ಮಿತಿಯೊಳಗೆ ತಪ್ಪದೆ ಮುಗಿಯುವ ವಿಧಾನವುಂಟೇ ಎಂಬುದು ಪ್ರಶ್ನೆ. ಉಂಟೆಂದು ಯಾರೂ ತೋರಿಸಿಲ್ಲ, ಇಲ್ಲವೆಂದೂ ಯಾರೂ ತೋರಿಸಿಲ್ಲ. ಇಲ್ಲವೆಂದೇ ಹೆಚ್ಚಿನ ವಿದ್ವಾಂಸರ ನಂಬಿಕೆ.

ಉತ್ತರವನ್ನು ಕೊಟ್ಟರೆ ಬೇಗ ಸರಿನೋಡಬಹುದಾದ ಇಂತಹ ಪ್ರಶ್ನೆಗಳ ವರ್ಗಕ್ಕೆ ಎನ್‌ಪಿ ಎಂದು ಹೆಸರು. ಇದನ್ನು ‘ನಾನ್ ಪಾಲಿನಾಮಿಯಲ್’ ಎಂದು ಬಿಡಿಸಿ ಹೇಳುವವರು ನಮ್ಮಲ್ಲಿ ಬಹುಮಂದಿ. ಅದು ‘ನಾನ್‌ಡಿಟರ್ಮಿನಿಸ್ಟಿಕ್ ಪಾಲಿನಾಮಿಯಲ್’. ಬೇಗ ಬಿಡಿಸಬಹುದಾದ ಪ್ರಶ್ನೆಗಳೆಲ್ಲವೂ ಈ ವರ್ಗದಲ್ಲಿ ಸೇರಿಯೇ ಇವೆ. ತಪ್ಪು ವಿಸ್ತರಣೆಯನ್ನು ಕೇಳಿದ ವಿದ್ಯಾರ್ಥಿಯು, ತೀರ್ಮಾನವಾಗದ ಪ್ರಶ್ನೆಯೊಂದು ಹೆಸರಿನಲ್ಲಿಯೇ ತೀರ್ಮಾನವಾಯಿತೆಂದು ತಿಳಿಯುತ್ತಾನೆ. ಸ್ಟೀಫನ್ ಕುಕ್ ೧೯೭೧ರಲ್ಲಿ ಈ ಪ್ರಶ್ನೆಗೆ ಖಚಿತರೂಪ ಕೊಟ್ಟನು. ಮರುವರ್ಷ ರಿಚರ್ಡ್ ಕಾರ್ಪ್ ೨೧ ಪ್ರಶ್ನೆಗಳು ಈ ದೃಷ್ಟಿಯಿಂದ ಒಂದೇ ಕಾಠಿಣ್ಯದವೆಂದು ತೋರಿಸಿದನು. ಚೀಟಿಗಳ ಪ್ರಶ್ನೆಯೂ ಅವುಗಳಲ್ಲಿ ಒಂದು.

‘ಆಗಿಲ್ಲ’ ಎಂಬುದಕ್ಕೆ ನಮ್ಮ ದೇಶದ್ದೇ ಉತ್ತಮ ಉದಾಹರಣೆಯಿದೆ. ಒಂದು ಸಂಖ್ಯೆಯು ಅವಿಭಾಜ್ಯವೇ ಎಂಬುದನ್ನು, ಅದೃಷ್ಟವನ್ನಾಗಲಿ ಸಿದ್ಧವಾಗದ ಊಹೆಯನ್ನಾಗಲಿ ನಂಬದೆ, ಬಹುಪದೋಕ್ತಿಯ ಮಿತಿಯೊಳಗೆ ನಿರ್ಣಯಿಸುವ ವಿಧಾನವು ೨೦೦೨ರ ವರೆಗೆ ಗೊತ್ತಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್ ಅವರು, ಆಗತಾನೆ ಪದವಿ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರೊಡನೆ ಅದನ್ನು ಪ್ರಕಟಿಸಿದರು. ‘ಆಗಿಲ್ಲ’ ಎಂಬುದು ‘ಆಯಿತು’ ಎಂದಾಯಿತು. ಆದರೂ ನಿತ್ಯದ ವ್ಯವಹಾರದಲ್ಲಿ ದೊಡ್ಡ ಸಂಖ್ಯೆಗಳ ಪರೀಕ್ಷೆಗೆ ಹಿಂದಿನ ಸಂಭಾವ್ಯತೆಯ ವಿಧಾನಗಳೇ ಬೇಗವಾದುದರಿಂದ ಬಳಕೆಯಲ್ಲಿವೆ. ಸಿದ್ಧಾಂತದಲ್ಲಿ ಸುಲಭವೆಂದರೆ ವ್ಯವಹಾರದಲ್ಲಿ ವೇಗವೆಂದಲ್ಲ ಎಂಬ ಎರಡನೆಯ ಪಾಠವೂ ಇದರಲ್ಲಿದೆ. ಈ ಸಂಗತಿಯನ್ನು ಹೆಮ್ಮೆಗಾಗಿ ಮಾತ್ರ ಹೇಳಿ ಈ ಎರಡು ಪಾಠಗಳನ್ನು ಬಿಡುವುದು ನಷ್ಟ.

೫

ವಿದ್ವಾಂಸರ ಸಭೆಗಳಲ್ಲಿ ಈ ಭೇದಗಳು ಹೇಗೆ ಉಳಿಯುತ್ತವೆಂಬುದಕ್ಕೆ ನಮಗೆ ಸಮೀಪದ ಒಂದು ನಿದರ್ಶನವನ್ನು ಕೊಡಬಹುದು. ೨೦೧೦ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನ ನಡೆಯಿತು. ಹುಮನಾಬಾದಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಸೇರುವ ಊರು ಅದು. ಅಲ್ಲಿ ಆಹ್ವಾನಿತ ಉಪನ್ಯಾಸಕರಲ್ಲಿ ಸುಭಾಷ್ ಖೋತ್ ಒಬ್ಬರು. ಅವರ ಊರು ನಮ್ಮ ಗಡಿಗೆ ಹೊಂದಿದ ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿ. ಕಠಿಣ ಪ್ರಶ್ನೆಗಳಿಗೆ ಸರಿಸುಮಾರಿನ ಉತ್ತರವನ್ನು ಕಂಡುಹಿಡಿಯುವುದೂ ಎಷ್ಟು ಕಠಿಣ ಎಂಬುದು ಅವರ ವಿಷಯ. ೨೦೦೨ರಲ್ಲಿ ಅವರು ‘ಯೂನಿಕ್ ಗೇಮ್ಸ್’ ಎಂಬ ಹೆಸರಿನ ಊಹೆಯೊಂದನ್ನು ಮಂಡಿಸಿದ್ದರು. ಅದರ ಮೇಲೆ ಅನೇಕ ನಿರ್ಣಯಗಳು ನಿಂತಿವೆ. ಆ ನಿರ್ಣಯಗಳೆಲ್ಲವೂ ‘ಈ ಊಹೆ ನಿಜವಾದರೆ’ ಎಂಬ ಮಾತಿನಿಂದ ಆರಂಭವಾಗುತ್ತವೆ. ೨೦೧೪ರಲ್ಲಿ ಅವರಿಗೆ ನೆವಾನ್ಲಿನ್ನಾ ಪ್ರಶಸ್ತಿ ಬಂದಾಗಲೂ ಊಹೆಯು ಊಹೆಯಾಗಿಯೇ ಇತ್ತು. ೨೦೧೮ರಲ್ಲಿ ಅದಕ್ಕಿಂತ ದುರ್ಬಲವಾದ ಒಂದು ರೂಪವು ಸಿದ್ಧವಾಯಿತು. ಇಷ್ಟು ವರ್ಷಗಳೂ ಆ ‘ಆದರೆ’ ಎಂಬುದು ತನ್ನ ಸ್ಥಳವನ್ನು ಬಿಟ್ಟುಕೊಟ್ಟಿಲ್ಲ. ನಮ್ಮ ಸಭಾಂಗಣಗಳಲ್ಲಿ ಮೊದಲು ಕಳೆದುಹೋಗುವುದು ಆ ಒಂದು ಪದವೇ.

ಇದಕ್ಕೆ ಉಪನ್ಯಾಸಕರು ಕೊಡುವ ಸಮಾಧಾನವೆಂದರೆ, ಪದವಿ ಕಾಲೇಜಿನ ಕನ್ನ��ಡ ಮಾಧ್ಯಮದ ಮಕ್ಕಳಿಗೆ ಇಷ್ಟು ಸೂಕ್ಷ್ಮ ಬೇಡ ಎಂಬುದು. ಈ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಭಾಷೆಗೆ ಶಕ್ತಿಯಿಲ್ಲವೆಂಬ ನೆವವು ಅಂದೇ ತೀರಿತು. ಮೇಲೆ ಹೇಳಿದಂತೆ, ಇಲ್ಲಿ ಬೇಕಾದ ಸೂಕ್ಷ್ಮಗಳು ನಮ್ಮ ಮಕ್ಕಳ ಮನೆಮಾತಿನ ಕ್ರಿಯಾಪದಗಳಲ್ಲಿಯೇ ಇವೆ. ಅವನ್ನು ಅಳಿಸುತ್ತಿರುವುದು ವೇದಿಕೆಯ ಭಾಷೆ.

ಆದುದರಿಂದ ಈ ವಿಷಯದ ಮೇಲೆ ಮಾತನಾಡುವವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಯಂತ್ರದ ಬದಲು ಲೆಕ್ಕ ಹಾಕುವ ಮನುಷ್ಯನಿಂದ ಆರಂಭಿಸಬೇಕು. ಒಂದೇ ಒಂದು ಪ್ರಮಾಣವನ್ನಾದರೂ ಕೊನೆಯವರೆಗೆ ನಡೆಸಿ ತೋರಿಸಬೇಕು; ಹತ್ತು ಫಲಿತಾಂಶಗಳ ಹೆಸರು ಹೇಳುವುದಕ್ಕಿಂತ ಅದು ಲೇಸು. ಪ್ರತಿ ನಿಷೇಧಕ್ಕೂ ಅದು ಮೂರರಲ್ಲಿ ಯಾವುದೆಂದು ಗುರುತು ಹಾಕಬೇಕು. ಪ್ರಶ್ನೆಗಳಿಗೆ ಕಾಲು ಗಂಟೆಯನ್ನು ಉಳಿಸಬೇಕು. ಅಧ್ಯಕ್ಷರು ತಮಗೆ ತಿಳಿಯದ ಕಡೆ ಅಲಂಕಾರ ಮಾಡದೆ ಕುಳಿತಿರಬೇಕು. ಇದನ್ನು ನನಗೂ ಸೇರಿಸಿಯೇ ಹೇಳಿದ್ದೇನೆ.

ಆ ವಿದ್ಯಾರ್ಥಿನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಬರೆದಿಡುತ್ತೇನೆ. ತಂಗಿ, ಕೆಲವು ಲೆಕ್ಕಗಳು ಸ್ವಭಾವತಃ ಹಾಗೆಯೇ ಇವೆ. ಯಂತ್ರ ಎಷ್ಟು ದೊಡ್ಡದಾದರೂ ಅವು ಆಗವು, ಅದಕ್ಕೆ ಪ್ರಮಾಣವಿದೆ. ಕೆಲವು ಆಗುತ್ತವೆ, ಆದರೆ ಬೇಗ ಆಗಲಿಕ್ಕಿಲ್ಲವೆಂದು ಬಲ್ಲವರು ನಂಬಿದ್ದಾರೆ. ಪ್ರಮಾಣ ಇನ್ನೂ ಇಲ್ಲ. ಇನ್ನು ಕೆಲವು ಇದುವರೆಗೆ ಆಗಿಲ್ಲ, ಅಷ್ಟೇ. ಕೊನೆಯ ಎರಡರಲ್ಲಿ ನಿನಗೂ ಕೆಲಸವಿದೆ.